ಟೂಲ್ ಬಾಕ್ಸ್‌ನಲ್ಲಿದ್ದ ಕೇಬಲ್

ಇವತ್ತು ಜುಲೈ ಎರಡನೇ ಭಾನುವಾರ, ಹಳೇ ಜಾವಾ, ಯೆಜ್ಡಿ ಬೈಕ್ ಪ್ರಿಯರ ಜಾವಾ-ಯೆಜ್ಡಿ ದಿನ. ಬೆಳಿಗ್ಗೆ ಟೂಲ್ ಬಾಕ್ಸ್ ತೆಗೆದಾಗ ನನ್ನ ರೈಡಿಂಗ್ ಗೆಳೆಯ ಕೊಟ್ಟಿದ್ದ ಕ್ಲಚ್ ಕೇಬಲ್ ಕೈಗೆ ಸಿಕ್ಕಿತು. ಗಾಡಿ ಪಕ್ಕದಲ್ಲೇ ಸುಮ್ನೆ ಕೂತುಬಿಟ್ಟೆ.

ಚಾರ್ಮಾಡಿ ಘಾಟಿಯಲ್ಲಿ ಒಮ್ಮೆ ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕಿನ ಕ್ಲಚ್ ಕೇಬಲ್ ತುಂಡಾಗಿತ್ತು. ಮಳೆ, ಮಂಜು, ಮುಂದಿನ ತಿರುವೂ ಕಾಣುತ್ತಿರಲಿಲ್ಲ. ರೈಡ್‌ಗೆ ಬಂದಿದ್ದ ಉಳಿದವರೆಲ್ಲ ಕೊಟ್ಟಿಗೆಹಾರ ತಲುಪಿದ್ದರು. ಅವನೊಬ್ಬ ಹಿಂದಿನಿಂದ ಬಂದು ನಿಂತ. ಏನೂ ಕೇಳಲಿಲ್ಲ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ತನ್ನ ಹತ್ತಿರ ಇದ್ದ ಒಂದೇ ಸ್ಪೇರ್ ಕೇಬಲ್‌ಗೆ ಎಣ್ಣೆ ಸವರಿ ನನ್ನ ಗಾಡಿಗೆ ಹಾಕಿದ. ಅವನ ಗಾಡಿಯೂ ಅಷ್ಟೇ ಹಳೆಯದು ಅಲ್ವಾ? ದಾರಿಯಲ್ಲಿ ಅವನದೇ ತುಂಡಾಗಿದ್ದರೆ? ಆ ಯೋಚನೆ ನನಗೆ ಬಂದಿದ್ದು ಮನೆ ಸೇರಿದ ಮೇಲೆ. ದುಡ್ಡು ಕೊಡಲು ಹೋದರೆ ಬೈದ. ಮುಂದಿನ ವಾರ ಇನ್ನೊಂದು ಕೇಬಲ್ ತಂದು, "ಇಟ್ಕೊ, ಯಾರಿಗಾದ್ರೂ ಬೇಕಾಗುತ್ತೆ" ಅಂದ.

ಈ ಬೈಕುಗಳನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆಮೇಲೂ ಈ ಗಾಡಿಗಳು ಓಡುತ್ತಿರುವುದು ಇಂಥವರಿಂದಲೇ. ಗುಜರಿಯಲ್ಲಿ ಪಾರ್ಟ್ ಹುಡುಕಿ, ಮುಖ ನೋಡದವರಿಗೂ ಕಳಿಸುತ್ತಿದ್ದ. ಹೊಸ ಹುಡುಗರು ಬಂದರಂತೂ ಅವನಿಗೆ ಹಬ್ಬ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ಕಿಕ್ ಹೊಡೆಯುವುದನ್ನು ಹತ್ತು ಸಲ ಬೇಕಾದರೂ ತೋರಿಸುತ್ತಿದ್ದ.

ಅವನು ಹೋಗಿ ಎರಡು ವರ್ಷ. ರೈಡ್‌ನಲ್ಲಿ ಯಾವಾಗಲೂ ಕೊನೆಯಲ್ಲಿ ಬರುತ್ತಿದ್ದ, ಯಾರೂ ಹಿಂದೆ ಉಳಿಯಬಾರದು ಅಂತ. ಇವತ್ತು ಆ ಜಾಗದಲ್ಲಿ ನಾನು ಓಡಿಸಿದೆ. ಕೇಬಲ್ ಟೂಲ್ ಬಾಕ್ಸ್‌ನಲ್ಲೇ ಇದೆ. ಬೇಕಾದವರು ಕೇಳಿ.