ತಳಿಶಾಸ್ತ್ರದ ಎಂ.ಎಸ್ಸಿ. ಆರಿಸಿಕೊಳ್ಳುವ ಮೊದಲು

ಬಿ.ಎಸ್ಸಿ. ಅಂತಿಮ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ದಾವಣಗೆರೆಯ ನಮ್ಮ ಕಾಲೇಜಿನ ಜೀವವಿಜ್ಞಾನದ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಸ್ನಾತಕೋತ್ತರ ಪದವಿಗೆ ತಳಿಶಾಸ್ತ್ರ ತೆಗೆದುಕೊಳ್ಳಬೇಕೋ, ಜೀವಿಯ ಇಡೀ ಡಿಎನ್‌ಎಯನ್ನು (ಜೀನೋಮ್) ಒಟ್ಟಾಗಿ ಅಭ್ಯಸಿಸುವ ಜೀನೋಮಿಕ್ಸ್ ಎಂಬ ಹೆಸರಿರುವ ಕೋರ್ಸನ್ನೇ ಹುಡುಕಬೇಕೋ? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಒಮ್ಮೆ ವಿವರವಾಗಿ ಬರೆದಿಡುವುದು ಒಳ್ಳೆಯದೆನಿಸಿತು. ಇವೆರಡನ್ನು ಪ್ರತ್ಯೇಕ ವಿದ್ಯೆಗಳೆಂದು ಭಾವಿಸಿ ಒಂದನ್ನು ಬಿಟ್ಟು ಇನ್ನೊಂದನ್ನು ಕಲಿಸುವ ಕೋರ್ಸು, ಹೆಸರು ಏನೇ ಇರಲಿ, ಅರೆಬರೆ ಕೋರ್ಸು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕುಟುಂಬದಲ್ಲಿ ಅಥವಾ ಬೆಳೆಯಲ್ಲಿ ಕಾಣುವ ಗುಣದಿಂದ ಡಿಎನ್‌ಎ ಅನುಕ್ರಮದವರೆಗೆ ಹೋಗುವುದನ್ನೂ, ಅಲ್ಲಿಂದ ಮತ್ತೆ ಆ ಕುಟುಂಬಕ್ಕೆ, ಆ ಹೊಲಕ್ಕೆ ಉತ್ತರ ಹಿಡಿದು ಮರಳುವುದನ್ನೂ ಕಲಿಸುವ ವಿಭಾಗವೇ ಆಯ್ಕೆಗೆ ಯೋಗ್ಯ.

ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗವನ್ನೇ ತೆಗೆದುಕೊಳ್ಳೋಣ. ದಾವಣಗೆರೆಯವರಿಗೆ ಇದು ಅಪರಿಚಿತ ರೋಗವಲ್ಲ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಬಹಳ ವರ್ಷಗಳಿಂದ ಈ ಊರಿನಿಂದಲೇ ಕೆಲಸ ಮಾಡುತ್ತಾ ಬಂದಿದೆ. ಪದವಿ ತರಗತಿಯಲ್ಲಿ ನಾವು ಕಲಿಸುವುದು ಇಷ್ಟು: ದೋಷವಿರುವ ಜೀನು ಎಕ್ಸ್ ವರ್ಣತಂತುವಿನ ಮೇಲಿದೆ, ತಾಯಿ ವಾಹಕಳಾಗಿದ್ದರೆ, ಎಂದರೆ ತನ್ನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಆ ದೋಷ ಹೊತ್ತವಳಾಗಿದ್ದರೆ, ಹುಟ್ಟುವ ಪ್ರತಿಯೊಬ್ಬ ಗಂಡುಮಗುವಿಗೂ ರೋಗ ಬರುವ ಸಂಭವ ಅರ್ಧದಷ್ಟು. ಪರೀಕ್ಷೆಯಲ್ಲಿ ಅಂಕ ಗಳಿಸಲು ಇದು ಸಾಕು, ಆದರೆ ರೋಗಿಯ ಅಕ್ಕ ಬಂದು ತಾನು ವಾಹಕಳೇ ಎಂದು ಕೇಳಿದರೆ ಏನೇನೂ ಸಾಲದು. ಹಿಮೋಫಿಲಿಯಾ ಎ ಬರುವುದು ಎಫ್8 ಎಂಬ ಜೀನಿನ ದೋಷದಿಂದ. ಸುಮಾರು 1,86,000 ಡಿಎನ್‌ಎ ಅಕ್ಷರಗಳಷ್ಟು ಉದ್ದದ, 26 ಎಕ್ಸಾನ್‌ಗಳಾಗಿ (ಪ್ರೋಟೀನಿನ ಸೂಚನೆ ಇರುವ ತುಂಡುಗಳು) ಹಂಚಿಹೋಗಿರುವ ಈ ಜೀನಿನ 22ನೆಯ ಇಂಟ್ರಾನಿನೊಳಗೆ (ಎಕ್ಸಾನ್‌ಗಳ ನಡುವಿನ ಭಾಗ) ಒಂದು ಡಿಎನ್‌ಎ ತುಣುಕಿದೆ. ಅದನ್ನೇ ಹೋಲುವ ಇನ್ನೆರಡು ಪ್ರತಿಗಳು ಅದೇ ವರ್ಣತಂತುವಿನ ತುದಿಯ ಕಡೆಗೆ ಇವೆ. ವೀರ್ಯಾಣು ರೂಪುಗೊಳ್ಳುವಾಗ ಎಕ್ಸ್ ವರ್ಣತಂತುವಿಗೆ ಜೋಡಿ ಇಲ್ಲದ ಕಾರಣ ಅದು ತನ್ನ ಮೇಲೆಯೇ ಬಾಗಿ, ಹೋಲಿಕೆಯಿರುವ ಈ ತುಣುಕುಗಳ ನಡುವೆ ಅದಲುಬದಲು ನಡೆದರೆ, ಜೀನಿನ ಮೊದಲ 22 ಎಕ್ಸಾನ್‌ಗಳು ತಿರುವುಮುರುವಾಗಿ ಉಳಿದ ನಾಲ್ಕರಿಂದ ದೂರ ಹೋಗಿ ನಿಲ್ಲುತ್ತವೆ. ತೀವ್ರ ಹಿಮೋಫಿಲಿಯಾ ಎ ರೋಗಿಗಳಲ್ಲಿ ಹೆಚ್ಚುಕಡಿಮೆ ಶೇ 45ರಷ್ಟು ಮಂದಿಗೆ ರೋಗ ಬಂದಿರುವುದು ಈ ಒಂದೇ ಕಾರಣದಿಂದ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಎಕ್ಸಾನ್‌ಗಳ ಒಂದು ಅಕ್ಷರವೂ ಬದಲಾಗಿಲ್ಲ, ಬದಲಾಗಿರುವುದು ಅವುಗಳ ದಿಕ್ಕು ಮತ್ತು ಜಾಗ ಮಾತ್ರ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಸೀಕ್ವೆನ್ಸಿಂಗ್ ಯಂತ್ರ ಡಿಎನ್‌ಎಯನ್ನು 150 ಅಕ್ಷರಗಳಷ್ಟು ಚಿಕ್ಕ ತುಂಡುಗಳಾಗಿ ಓದುವುದರಿಂದ, ಎಕ್ಸಾನ್‌ಗಳನ್ನು ಮಾತ್ರ ಓದಿಸಿದರೆ ಪ್ರತಿಯೊಂದು ಎಕ್ಸಾನೂ ಸರಿಯಾಗಿಯೇ ಇದೆ ಎಂಬ ವರದಿ ಬರುತ್ತದೆ. ರೋಗ ಕಣ್ಣೆದುರಿಗಿದ್ದರೂ ವರದಿ ದೋಷವಿಲ್ಲ ಎನ್ನುತ್ತದೆ. ಕೇವಲ ತಂತ್ರಾಂಶ ಓಡಿಸಲು ಕಲಿತ ವಿದ್ಯಾರ್ಥಿ ಅಲ್ಲಿಗೇ ನಿಲ್ಲುತ್ತಾನೆ. ವರ್ಣತಂತುಗಳ ವರ್ತನೆಯನ್ನು ಬಲ್ಲವನು ಸಂಶಯಪಟ್ಟು, ಡಿಎನ್‌ಎಯ ಆಯ್ದ ಭಾಗವನ್ನು ನಕಲು ಮಾಡಿ ನೋಡುವ, ಈ ತಿರುವನ್ನು ಹಿಡಿಯಲೆಂದೇ ಇರುವ ಇನ್ವರ್ಸ್ ಪಿಸಿಆರ್ ಅಥವಾ ಲಾಂಗ್ ರೇಂಜ್ ಪಿಸಿಆರ್ ಪರೀಕ್ಷೆಯನ್ನು ಮೊದಲೇ ಮಾಡಿಸುತ್ತಾನೆ. ಅಲ್ಲಿಂದ ಮತ್ತೆ ವಂಶವೃಕ್ಷಕ್ಕೆ ಬರಬೇಕು. ಈ ತಿರುವು ಬಹುಪಾಲು ಪುರುಷರ ವೀರ್ಯಾಣುಗಳಲ್ಲೇ ಹುಟ್ಟುವುದರಿಂದ, ಮನೆತನದಲ್ಲಿ ಹಿಂದೆ ಯಾರಿಗೂ ರೋಗವಿರದಿದ್ದರೂ ಮಗುವಿನ ತಾಯಿ ಸಾಮಾನ್ಯವಾಗಿ ವಾಹಕಳೇ ಆಗಿರುತ್ತಾಳೆ; ದೋಷ ಹುಟ್ಟಿದ್ದು ಆಕೆಯ ತಂದೆಯ ವೀರ್ಯಾಣುವಿನಲ್ಲಿ ಇರಬಹುದು. ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ, ಸೊಸೆಯಿಂದಲೇ ಬಂತು ಎಂದು ದೂರುವ ಮನೆಯವರಿಗೆ ಇದನ್ನು ಸಮಾಧಾನದಿಂದ ವಿವರಿಸಿ ಹೇಳಬಲ್ಲ ತಳಿಶಾಸ್ತ್ರಜ್ಞರು ನಮ್ಮ ಜಿಲ್ಲೆಗಳಿಗೆ ಬೇಕಾಗಿದ್ದಾರೆ.

ಎರಡನೆಯ ಉದಾಹರಣೆ ಹೊಲದ್ದು. ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ದಾವಣಗೆರೆ, ಚಿತ್ರದುರ್ಗದ ರೈತರಿಗೆ ಆ ಹುಳು ಸುಳಿಯೊಳಗೆ ಕೂತು ಎಲೆಯನ್ನು ತೂತು ತೂತು ಮಾಡುವ ಬಗೆಯನ್ನು ನಾನು ವರ್ಣಿಸಬೇಕಾಗಿಲ್ಲ. ಹುಳುವಿನ ಗುರುತನ್ನು ದೃಢಪಡಿಸಲು ಇಡೀ ಜೀನೋಮ್ ಓದಬೇಕಾಗಲಿಲ್ಲ. ದೇಹರಚನೆಯ ಲಕ್ಷಣಗಳ ಜೊತೆಗೆ ಜೀವಕೋಶದೊಳಗಿನ ಮೈಟೊಕಾಂಡ್ರಿಯಾದ ಸಿಒಐ ಎಂಬ ಜೀನಿನ ಒಂದು ಸಣ್ಣ ಭಾಗ ಸಾಕಾಯಿತು. ಆದರೆ ಮುಂದಿನ ಪ್ರಶ್ನೆಗೆ ಅಷ್ಟು ಸಾಲಲಿಲ್ಲ. ಈ ಕೀಟದಲ್ಲಿ ಮೆಕ್ಕೆಜೋಳದ ಬಗೆ, ಭತ್ತದ ಬಗೆ ಎಂದು ಎರಡಿವೆ. ಸಿಒಐ ನೋಡಿದರೆ ನಮ್ಮಲ್ಲಿಗೆ ಬಂದ ಹೆಚ್ಚಿನ ಹುಳುಗಳು ಭತ್ತದ ಬಗೆ ಎಂದು ತೋರುತ್ತದೆ, ಲಿಂಗ ನಿರ್ಧರಿಸುವ ಝಡ್ ವರ್ಣತಂತುವಿನ ಮೇಲಿರುವ ಇನ್ನೊಂದು ಜೀನು ನೋಡಿದರೆ ಮೆಕ್ಕೆಜೋಳದ ಬಗೆ ಎನ್ನುತ್ತದೆ, ಹೊಲದಲ್ಲಿ ಅವು ತಿನ್ನುವುದು ಮೆಕ್ಕೆಜೋಳವನ್ನೇ. ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುತ್ತದೆ ಎಂಬ ಪದವಿ ತರಗತಿಯ ಪಾಠ ನೆನಪಿದ್ದವರಿಗೆ ಇದರ ಅರ್ಥ ಹೊಳೆಯುತ್ತದೆ: ಹಿಂದೆಂದೋ ಎರಡು ಬಗೆಗಳ ಸಂಕರವಾಗಿ, ತಾಯಿಯ ಕಡೆಯ ಗುರುತು ಹಾಗೆಯೇ ಉಳಿದುಕೊಂಡಿದೆ. ಒಂದೇ ಜೀನನ್ನು ನಂಬಿ ತೀರ್ಪು ಕೊಡಬಾರದು ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಚಳ್ಳಕೆರೆ ಕಡೆಯ ವಿದ್ಯಾರ್ಥಿಗಳು ಶೇಂಗಾದ ಬಗ್ಗೆ ಕೇಳುತ್ತಾರೆ. ಶೇಂಗಾದ 40 ವರ್ಣತಂತುಗಳು ದಕ್ಷಿಣ ಅಮೆರಿಕದ ಎರಡು ಕಾಡು ಪ್ರಭೇದಗಳು ಕೂಡಿದ್ದರಿಂದ ಬಂದವು. ಆ ಎರಡು ಪ್ರಭೇದಗಳ ಜೀನೋಮ್ 2016ರಲ್ಲಿ, ಬೇಸಾಯದ ಶೇಂಗಾದ್ದು 2019ರಲ್ಲಿ ಪ್ರಕಟವಾಯಿತು. ಆ ಎರಡು ಪ್ರಭೇದಗಳಿಂದ ಬಂದ ಎರಡು ಉಪಜೀನೋಮ್‌ಗಳು ಒಂದನ್ನೊಂದು ಬಹಳ ಹೋಲುವುದರಿಂದ, ಅವುಗಳ ನಡುವಿನ ವ್ಯತ್ಯಾಸವನ್ನೇ ತಳಿಗಳ ನಡುವಿನ ವ್ಯತ್ಯಾಸವೆಂದು ಕಂಪ್ಯೂಟರ್ ತಪ್ಪಾಗಿ ಪಟ್ಟಿ ಮಾಡಿಕೊಡುವ ಅಪಾಯವಿದೆ. ಬೆಳೆಯ ಇತಿಹಾಸ ತಿಳಿಯದೆ ದತ್ತಾಂಶ ವಿಶ್ಲೇಷಣೆಗೆ ಕೂರಬಾರದು ಎನ್ನುವುದು ಇದೇ ಕಾರಣಕ್ಕೆ.

ಇನ್ನು ಎಲ್ಲಿ ಓದಬೇಕು ಎಂಬ ವಿಚಾರ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತಳಿಶಾಸ್ತ್ರ ಮತ್ತು ಜೀನೋಮಿಕ್ಸ್‌ಗೆ ಪ್ರತ್ಯೇಕ ಅಧ್ಯಯನ ವಿಭಾಗವೇ ಇದೆ, ಅದರ ಮಾನಸಗಂಗೋತ್ರಿ ಆವರಣದಲ್ಲಿ ಡ್ರೊಸೊಫಿಲ ಎಂಬ ಹಣ್ಣುನೊಣಗಳ ಸಂಗ್ರಹ ಕೇಂದ್ರವೂ ಇದೆ. ಎಂಟು ವರ್ಣತಂತುಗಳ ನಸೂಟ ಮತ್ತು ಆರು ವರ್ಣತಂತುಗಳ ಅಲ್ಬೊಮಿಕಾನ್ಸ್ ನೊಣಗಳನ್ನು ಸಂಕರಗೊಳಿಸಿ, ಹೊಸ ವರ್ಣತಂತು ವಿನ್ಯಾಸದ ಸಂತತಿಗಳನ್ನು ತಲೆಮಾರುಗಳ ಕಾಲ ಬೆಳೆಸಿದ ಪ್ರೊ. ಎಚ್.ಎ. ರಂಗನಾಥ್ ಮತ್ತು ಸಂಗಡಿಗರ ಕೆಲಸ ಆ ಪರಂಪರೆಯದು. ಸಸ್ಯ ತಳಿ ಅಭಿವೃದ್ಧಿಗೆ ಕೃಷಿ ವಿಶ್ವವಿದ್ಯಾಲಯಗಳಿವೆ, ಅದಕ್ಕೆ ಸಾಮಾನ್ಯವಾಗಿ ಬಿ.ಎಸ್ಸಿ. ಕೃಷಿ ಪದವಿ ಬೇಕು. ಮಾನವ ತಳಿಶಾಸ್ತ್ರಕ್ಕೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಹೊರರಾಜ್ಯದ ಬಯೋಟೆಕ್ನಾಲಜಿ ಕೋರ್ಸುಗಳಿಗೆ ಗ್ಯಾಟ್-ಬಿ, ಐಐಟಿಗಳಿಗೆ ಜಾಮ್ ಪ್ರವೇಶ ಪರೀಕ್ಷೆ ಬರೆಯಬೇಕು. ಮನೆಯ ಪರಿಸ್ಥಿತಿಯಿಂದ ಊರು ಬಿಡಲಾಗದವರು ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾನಿಲಯದಲ್ಲೇ ಜೀವರಸಾಯನಶಾಸ್ತ್ರವನ್ನೋ ಸೂಕ್ಷ್ಮಜೀವಿಶಾಸ್ತ್ರವನ್ನೋ ಓದಿ, ಜೊತೆಗೆ ಸಂಖ್ಯಾಶಾಸ್ತ್ರವನ್ನೂ ದತ್ತಾಂಶ ವಿಶ್ಲೇಷಣೆಯ ಆರ್ ಎಂಬ ಕಂಪ್ಯೂಟರ್ ಭಾಷೆಯನ್ನೂ ಸ್ವಂತವಾಗಿ ಕಲಿತರೆ ಹಿಂದುಳಿದಂತಾಗುವುದಿಲ್ಲ.

ಯಾವ ವಿಭಾಗಕ್ಕೆ ಹೋದರೂ ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ ತಿಳಿಯಬೇಕಾದ ಮಾತುಗಳಿವೆ. ನೊಣಗಳನ್ನು ತಾವೇ ಸಾಕುತ್ತಾರೆಯೇ? ಇದಕ್ಕೆ ದೊಡ್ಡ ಅನುದಾನವೇನೂ ಬೇಡ. ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್ ಹಾಕಿ ಕುದಿಸಿ, ಬೂಷ್ಟು ಹಿಡಿಯದಂತೆ 7.5 ಮಿ.ಲೀ. ಪ್ರೊಪಿಯಾನಿಕ್ ಆಮ್ಲ ಬೆರೆಸಿದರೆ ಆಹಾರ ಸಿದ್ಧ. ಮೂರನೆಯ ಹಂತದ ಮರಿಹುಳುವಿನ ಲಾಲಾಗ್ರಂಥಿಯನ್ನು ಸೂಜಿಯಿಂದ ಬಿಡಿಸಿ, ಬಣ್ಣ ಹಾಕಿ, ಕವರ್‌ಸ್ಲಿಪ್ಪಿನ ಮೇಲೆ ಹೆಬ್ಬೆರಳಿನಿಂದ ಒತ್ತಿದಾಗ ಪಟ್ಟೆಪಟ್ಟೆಯಾಗಿ ಹರಡಿಕೊಳ್ಳುವ ದೈತ್ಯ ವರ್ಣತಂತುಗಳಲ್ಲಿ, ತಿರುವು ಎಂದರೇನು ಎಂಬುದನ್ನು ಕುಣಿಕೆಯ ರೂಪದಲ್ಲಿ ಕಣ್ಣಾರೆ ಕಾಣಬಹುದು. ಅದನ್ನು ಕಂಡವರಿಗೆ ಎಫ್8 ಜೀನಿನ ಕಥೆ ಒಂದೇ ಓದಿಗೆ ಅರ್ಥವಾಗುತ್ತದೆ. ನಿಜವಾದ ದತ್ತಾಂಶದ ಮೇಲೆ ವಿಶ್ಲೇಷಣೆ ಮಾಡಿಸುತ್ತಾರೆಯೇ ಎಂದೂ ಕೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜೀನೋಮ್ ಓದಿದೆ, 2025ರ ಜನವರಿಯಿಂದ ಆ ದತ್ತಾಂಶ ಸಂಶೋಧಕರಿಗೆ ನಿಯಮಬದ್ಧವಾಗಿ ದೊರೆಯುತ್ತಿದೆ. ಸೋದರಮಾವನಿಗೆ ಕೊಟ್ಟು ಮದುವೆ ಮಾಡುವ ರೂಢಿ ಇನ್ನೂ ಇರುವ ನಮ್ಮಂಥ ಸೀಮೆಯಲ್ಲಿ, ಅಂಥ ದಂಪತಿಯ ಮಗುವಿಗೆ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು. ಅತ್ತೆಯ ಅಥವಾ ಸೋದರಮಾವನ ಮಕ್ಕಳನ್ನು ಮದುವೆಯಾದರೆ ಹದಿನಾರರಲ್ಲಿ ಒಂದು. ಯುರೋಪಿನ ಜನರ ಜೀನೋಮ್‌ಗಳಿಂದ ಕಟ್ಟಿದ ಪಟ್ಟಿಯನ್ನು ಹಿಡಿದು ಇಂಥ ಮನೆಗಳಿಗೆ ಸಲಹೆ ಕೊಡಲಾಗದು.

ಮೆಕ್ಕೆಜೋಳ ಬೆಳೆಯುವ ಮನೆಗಳಿಂದ ಬರುವ ವಿದ್ಯಾರ್ಥಿಗಳಿಗೆ ಈ ಮುಂಗಾರಿನಲ್ಲಿ ನಾನೊಂದು ಕೆಲಸ ವಹಿಸಿದ್ದೇನೆ. ಪ್ರತಿವರ್ಷ ಬೀಜ ಕೊಳ್ಳಲೇಬೇಕೇ ಎಂದು ಅವರ ಅಪ್ಪಂದಿರು ಕೇಳುವ ಪ್ರಶ್ನೆಗೆ ಉತ್ತರವನ್ನು ಅವರೇ ಹೊಲದಲ್ಲಿ ಕಂಡುಕೊಳ್ಳಲಿ ಎಂಬುದು ಉದ್ದೇಶ. ಕೊಂಡು ತಂದ ಹೈಬ್ರಿಡ್ ಬೀಜದ ಎರಡು ಸಾಲು, ಅದೇ ಹೈಬ್ರಿಡ್‌ನ ಕಳೆದ ವರ್ಷದ ತೆನೆಯಿಂದ ಬಿಡಿಸಿದ ಕಾಳಿನ ನಾಲ್ಕು ಸಾಲು, ಒಂದೇ ದಿನ, ಒಂದೇ ಅಂತರದಲ್ಲಿ ಬಿತ್ತಬೇಕು. ಹೂ ಬಿಟ್ಟ ದಿನ, ಗಿಡದ ಎತ್ತರ, ತೆನೆಯ ತೂಕವನ್ನು ಪ್ರತಿ ಗಿಡಕ್ಕೂ ಪ್ರತ್ಯೇಕವಾಗಿ ಬರೆಯಬೇಕು, ಅಂಚಿನ ಗಿಡಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಎರಡನೆಯ ಗುಂಪಿನಲ್ಲಿ ಸರಾಸರಿ ಎಷ್ಟು ಇಳಿಯಿತು ಎಂಬುದರ ಜೊತೆಗೆ, ಗಿಡದಿಂದ ಗಿಡಕ್ಕೆ ಏರಿಳಿತ ಎಷ್ಟು ಹೆಚ್ಚಿತು ಎಂಬುದನ್ನೂ ಲೆಕ್ಕ ಹಾಕಿ ತರಬೇಕು. ಸರಾಸರಿಯೊಂದನ್ನೇ ತಂದವರನ್ನು ಏರಿಳಿತದ ಲೆಕ್ಕ ಮಾಡಿಕೊಂಡು ಬರಲು ವಾಪಸ್ ಕಳಿಸುತ್ತೇನೆ, ಏಕೆಂದರೆ ಪೋಷಕ ತಳಿಗಳ ಜೀನುಗಳು ಬೇರ್ಪಟ್ಟು ಹೊಸದಾಗಿ ಹಂಚಿಕೆಯಾದದ್ದು ಕಾಣುವುದು ಅದರಲ್ಲೇ.