ಬಾಗಿಲು ಹಾಕಿದ್ದು ಯಾರು?

ಮಗಳು ಕಾನೂನು ಕಾಲೇಜು ಸೇರಿದ ಮೇಲೆ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೇ ಪಾಠ. ಮೊನ್ನೆ ಅನ್ನ ಕಲಸುತ್ತಾ ಕೇಳಿದಳು, "ಪಪ್ಪಾ, ಕೋವಿಡ್‌ನಲ್ಲಿ ನಮಗೆ ಬಾಗಿಲು ಹಾಕಿದ್ದು ಊರಲ್ವಾ? ಮುಂಬೈ ಅಲ್ವಲ್ಲ?"

ತುತ್ತು ಗಂಟಲಲ್ಲೇ ನಿಂತಿತು. "ನಮ್ಮೂರು ಕುಂದಾಪುರ" ಎಂದು ಅವಳಿಗೆ ತೊಟ್ಟಿಲಲ್ಲೇ ಹೇಳಿಕೊಟ್ಟವನು ನಾನು.

ಅವಳು ಓದುತ್ತಿದ್ದದ್ದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆ. 1979ರಲ್ಲೇ ಭಾರತ ಅದಕ್ಕೆ ಸೇರಿದೆ. ಜನರ ಆರೋಗ್ಯಕ್ಕಾಗಿ ಓಡಾಟಕ್ಕೆ ಮಿತಿ ಹಾಕಬಹುದು, ಆದರೆ ಸ್ವಂತ ದೇಶಕ್ಕೆ ಮರಳುವ ಹಕ್ಕನ್ನು ಮನಬಂದಂತೆ ಕಸಿಯುವಂತಿಲ್ಲ ಎನ್ನುತ್ತದೆ ಅದರ 12ನೇ ವಿಧಿ. ಆದರೂ 2021ರಲ್ಲಿ, ಕೋವಿಡ್ ಹೊತ್ತಿನಲ್ಲಿ ಆಸ್ಟ್ರೇಲಿಯಾ, ಭಾರತದಿಂದ ಮರಳಿದರೆ 5 ವರ್ಷದವರೆಗೆ ಜೈಲು ಎಂದು ತನ್ನ ಪ್ರಜೆಗಳನ್ನೇ ಹೆದರಿಸಿತ್ತು.

ದೇಶಕ್ಕೆ ಮರಳುವ ಆ ಹಕ್ಕು ರಾಜ್ಯದ ಗಡಿಗೆ ಹೊಂದುವುದಿಲ್ಲ, ಗೊತ್ತು. ಅಲ್ಲಿಗೆ ನಮ್ಮ ಸಂವಿಧಾನದ 19ನೇ ವಿಧಿಯಿದೆ: ದೇಶದೊಳಗೆ ಎಲ್ಲಿಗೂ ಹೋಗಬಹುದು, ನಿರ್ಬಂಧ ಹಾಕಿದರೂ ಅದು ನ್ಯಾಯವಾಗಿರಬೇಕು. 2020ರ ಮೇ 18ರಂದು ಕರ್ನಾಟಕ, ಮಹಾರಾಷ್ಟ್ರ ಸೇರಿ 4 ರಾಜ್ಯಗಳಿಂದ ತಿಂಗಳ ಕೊನೆಯವರೆಗೆ ಯಾರೂ ಬರುವಂತಿಲ್ಲ ಎಂದಿತು. ಹೋಟೆಲು ಮುಚ್ಚಿ, ಖೋಲಿಯ ಬಾಡಿಗೆ ಕಟ್ಟಲಾಗದೆ ಕುಳಿತ ನಮ್ಮ ಹುಡುಗರು ಎಲ್ಲಿಗೆ ಹೋಗಬೇಕಿತ್ತು? ಊರಿನವರ ಭಯ ಸುಳ್ಳಲ್ಲ. ಟೆಸ್ಟ್ ಮಾಡಿ, ಬೇಕಾದಷ್ಟು ದಿನ ಬೇರೆ ಇಡಿ, ಒಪ್ಪುತ್ತೇನೆ. ಬರಲೇಬೇಡಿ ಎನ್ನುವುದನ್ನು ಇವತ್ತಿಗೂ ನನಗೆ ಒಪ್ಪಲಾಗುತ್ತಿಲ್ಲ.

ಜೂನ್‌ನಲ್ಲಿ, ಇವಳನ್ನೂ ಇವಳ ಅಮ್ಮನನ್ನೂ ಇಲ್ಲೇ ಬಿಟ್ಟು, ನಾನೊಬ್ಬನೇ ಊರಿಗೆ ಹೋದೆ. ನಾನು ಓದಿದ ಶಾಲೆಯಲ್ಲೇ ಕ್ವಾರಂಟೈನ್, ಒಂದನೇ ಕ್ಲಾಸಿನ ಕೋಣೆ. ಬೆಂಚುಗಳನ್ನು ಗೋಡೆಗೆ ಒತ್ತಿ ಚಾಪೆ ಹಾಸಿದ್ದರು. ಅಮ್ಮ ದಿನಾ ಮಧ್ಯಾಹ್ನ ಬಂದು ಗೇಟಿನ ಕಂಬದ ಮೇಲೆ ಸ್ಟೀಲ್ ಡಬ್ಬಿ ಇಡುತ್ತಿದ್ದಳು, ಕುಚ್ಚಲಕ್ಕಿ ಗಂಜಿ, ಮೇಲೊಂದು ಮಾವಿನ ಮಿಡಿ. ಇಟ್ಟು ಹತ್ತು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳು. ನಾನು ಹೋಗಿ ಎತ್ತಿಕೊಳ್ಳಬೇಕು. ಮರುದಿನ ಖಾಲಿ ಡಬ್ಬಿ ನೋಡಿದ ಮೇಲೂ ಅಲ್ಲಿಂದಲೇ ಕೂಗುತ್ತಿದ್ದಳು, "ಉಂಡ್ಯಾ ಮಗಾ?" ದಾರಿಹೋಕರು ರಸ್ತೆಯ ಆಚೆ ಬದಿಗೆ ಸರಿದು ನಡೆಯುತ್ತಿದ್ದರು. ಅದೇ ಕೋಣೆಯಲ್ಲಿ ನನ್ನ ಪಕ್ಕ ಕೂತು ಅಕ್ಷರ ಕಲಿತವರೂ ಅವರಲ್ಲಿದ್ದರು.

ಇದನ್ನು ಮಗಳಿಗೆ ಹೇಳಿಯೇ ಇರಲಿಲ್ಲ. ಮೊನ್ನೆ ಹೇಳಿದೆ. ಅವಳು ನೋಟ್ಸ್ ಮಡಚಿಟ್ಟಳು.

"ಅಜ್ಜಿ ಮಳೆಯಲ್ಲೂ ಬರ್ತಿದ್ರಾ?"

ಬರುತ್ತಿದ್ದಳು. ಗಾಳಿಗೆ ಕೊಡೆ ಮಗುಚುತ್ತಿತ್ತು, ಒಂದು ಕೈ ಮಾತ್ರ ಡಬ್ಬಿಯ ಮುಚ್ಚಳ ಬಿಡುತ್ತಿರಲಿಲ್ಲ.