ಬಿ ಪಾಸಿಟಿವ್ ತುರ್ತಾಗಿ ಬೇಕಾಗಿದೆ

‘ತುರ್ತಾಗಿ ಬಿ ಪಾಸಿಟಿವ್ ಪ್ಲೇಟ್‌ಲೆಟ್ ಬೇಕಾಗಿದೆ, ದಯವಿಟ್ಟು ಎಲ್ಲ ಗುಂಪುಗಳಿಗೂ ಕಳುಹಿಸಿ.’ ಇಂಥದ್ದು ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರುತ್ತದೆ. ನೀವೂ ಅದನ್ನು ಮುಂದಕ್ಕೆ ತಳ್ಳಿ ಪುಣ್ಯ ಕಟ್ಟಿಕೊಂಡಿರುತ್ತೀರಿ. ಅಂಥದ್ದೊಂದನ್ನು ಬರೆದವಳು ನಾನೇ. ಅದು ಈಗಲೂ ಎಲ್ಲೆಲ್ಲೋ ಸುತ್ತುತ್ತಿದೆ. ಅದರಲ್ಲಿರುವ ಹುಡುಗ ಕ್ಯಾನ್ಸರ್ ಚಿಕಿತ್ಸೆಯ ಕೊನೆಯ ಘಟ್ಟವಾದ ಮೇಂಟೆನೆನ್ಸ್ ಹಂತಕ್ಕೆ ಬಂದಿದ್ದಾನೆ, ರಕ್ತದ ಕೌಂಟ್ ಚೆನ್ನಾಗಿದೆ, ಶಾಲೆಗೂ ಹೋಗುತ್ತಾನೆ. ಸಂದೇಶದ ಪ್ರಕಾರ ಮಾತ್ರ ಅವನಿಗೆ ಇವತ್ತು ರಾತ್ರಿಯೊಳಗೆ ಪ್ಲೇಟ್‌ಲೆಟ್ ಬೇಕು.

ಕ್ಯಾನ್ಸರ್ ರೋಗಿಗಳಿಗೂ ಅವರ ಮನೆಯವರಿಗೂ ನೆರವಾಗುವ ಬೆಂಗಳೂರಿನ ಚಿಕ್ಕ ಸಂಸ್ಥೆಯೊಂದರಲ್ಲಿ ನಾನು ರೋಗಿ ಸಂಯೋಜಕಿ. ಹೆಸರು ದೊಡ್ಡದು, ಕೆಲಸ ಓಡಾಟದ್ದು. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇರುವವರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಡತವನ್ನು ಸರಿಪಡಿಸಬೇಕು. ಊರಿಗೆ ಹೊರಟವರ ರೈಲ್ವೆ ರಿಯಾಯಿತಿ ಫಾರಂಗೆ ವೈದ್ಯರ ಸಹಿ ಹಾಕಿಸಬೇಕು. ಸ್ಲೀಪರ್‌ನಲ್ಲಿ ರೋಗಿಗೆ ಪೂರ್ತಿ, ಜೊತೆಗೆ ಹೋಗುವವರಿಗೆ ಶೇ 75 ರಿಯಾಯಿತಿ ಇದೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಧರ್ಮಶಾಲೆಯಲ್ಲಿ ಹಾಸಿಗೆ ಹುಡುಕಬೇಕು. ಇವೆಲ್ಲ ಹಗಲಿನ ಕೆಲಸ. ಎಸ್‌ಡಿಪಿ, ಅಂದರೆ ಒಬ್ಬರೇ ದಾನಿಯ ರಕ್ತದಿಂದ ಯಂತ್ರದಲ್ಲಿ ಬೇರ್ಪಡಿಸಿ ತೆಗೆಯುವ ಪ್ಲೇಟ್‌ಲೆಟ್‌ಗೆ ದಾನಿಗಳನ್ನು ಹುಡುಕುವ ಕೆಲಸಕ್ಕೆ ಮಾತ್ರ ಹೊತ್ತುಗೊತ್ತಿಲ್ಲ.

ಪ್ಲೇಟ್‌ಲೆಟ್ ಎಂಬುದನ್ನು ಕೂಡಿಡಲು ಬರುವುದಿಲ್ಲ. 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡಿಸುತ್ತಾ ಇಟ್ಟರೂ ಅದರ ಆಯುಸ್ಸು 5 ದಿನ. ಚಿಕಿತ್ಸೆಯ ಮೊದಲ ಹಂತವಾದ ಇಂಡಕ್ಷನ್‌ನಲ್ಲಿರುವ ಎಎಲ್‌ಎಲ್ (ಒಂದು ಬಗೆಯ ರಕ್ತದ ಕ್ಯಾನ್ಸರ್) ಮಕ್ಕಳ ಪ್ಲೇಟ್‌ಲೆಟ್ ಕೌಂಟ್ ಯಾವಾಗ 10 ಸಾವಿರದ ಕೆಳಗೆ ಇಳಿಯುತ್ತದೋ ಹೇಳಲಾಗದು. ಅದರ ಮೇಲೆ ಮಳೆಗಾಲ, ಡೆಂಗಿ. ಆಗ ಇಡೀ ಊರಿಗೆ ಊರೇ ಪ್ಲೇಟ್‌ಲೆಟ್ ಹುಡುಕಿಕೊಂಡು ಹೊರಡುತ್ತದೆ, ನಮ್ಮ ಹಳೆಯ ದಾನಿಗಳನ್ನು ಅವರವರ ನೆಂಟರೇ ಹಿಡಿದುಕೊಂಡಿರುತ್ತಾರೆ.

ಅಂಥ ಒಂದು ಸಂಜೆ ಪಾವಗಡ ಕಡೆಯ ರೈತರೊಬ್ಬರ ಮಗನಿಗೆ ಎಸ್‌ಡಿಪಿ ಬರೆದುಕೊಟ್ಟರು. ಬ್ಲಡ್ ಬ್ಯಾಂಕ್‌ಗಳ ಸ್ಟಾಕ್ ತೋರಿಸುವ ಸರ್ಕಾರಿ ಜಾಲತಾಣ ಇ-ರಕ್ತಕೋಶ ನೋಡಿದೆ, ಸ್ಟಾಕ್ ತೋರಿಸುತ್ತಿದ್ದ ಎರಡು ಕಡೆಗೆ ಫೋನ್ ಮಾಡಿದೆ, ಎರಡೂ ಕಡೆ ಖಾಲಿಯಾಗಿತ್ತು. ಬಸ್‌ನಲ್ಲಿ ನಿಂತುಕೊಂಡೇ ಸಂದೇಶ ಟೈಪ್ ಮಾಡಿದೆ: ಮಗುವಿನ ಹೆಸರು, ವಯಸ್ಸು, ವಾರ್ಡ್, ರಕ್ತದ ಗುಂಪು, ಸಂಪರ್ಕಕ್ಕೆ ತಂದೆಯ ನಂಬರ್. ದಿನಾಂಕ ಹಾಕಲಿಲ್ಲ. ‘ಇಂದು’ ಎಂದು ಬರೆದರೆ ಸಾಕಲ್ಲ ಎನ್ನುವುದು ನನ್ನ ಲೆಕ್ಕ. ತಂದೆಯ ನಂಬರ್ ಏಕೆಂದರೆ, ಆರು ಗಂಟೆಯ ಮೇಲೆ ನಮ್ಮ ಕಚೇರಿಯ ಫೋನ್ ಬಡಿದುಕೊಂಡರೂ ಎತ್ತುವವರಿಲ್ಲ. ದಾನಿಗಳಿಗಾಗಿಯೇ ಒಂದು ಮೊಬೈಲ್ ಕೊಡಿಸಿ ಎಂದು ಆ ಮೊದಲೇ ಕೇಳಿದ್ದೆ. ‘ಬಜೆಟ್‌ನಲ್ಲಿ ಆ ಹೆಡ್ ಇಲ್ಲ’ ಎಂಬ ಉತ್ತರ ಬಂದಿತ್ತು. ಅಕ್ಟೋಬರ್ 1ರ ಸ್ವಯಂಪ್ರೇರಿತ ರಕ್ತದಾನ ದಿನಕ್ಕೆ ಬ್ಯಾನರ್ ಹಾಕಿಸಲು ಮಾತ್ರ ಹೆಡ್ ಇದೆ.

ಕೆಲವೇ ನಿಮಿಷಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಹಳೆಯ ದಾನಿಯೊಬ್ಬರು ಒಪ್ಪಿದರು. ರಾತ್ರಿ ಪಾಳಿಗೆ ಮುಂಚೆ ಕೊಟ್ಟುಹೋಗುತ್ತೇನೆ ಎಂದು ನೇರವಾಗಿ ಬ್ಲಡ್ ಬ್ಯಾಂಕಿಗೇ ಹೋದರು. ತೂಕ, ಹಿಮೋಗ್ಲೋಬಿನ್, ಅವರ ಕೌಂಟ್, ಎಚ್‌ಐವಿ–ಹೆಪಟೈಟಿಸ್ ಪರೀಕ್ಷೆ ಎಲ್ಲವೂ ಮುಗಿದವು. ರಕ್ತನಾಳವೂ ಚೆನ್ನಾಗಿದೆ ಎಂದರು ಟೆಕ್ನಿಷಿಯನ್. ಇನ್ನು ಯಂತ್ರಕ್ಕೆ, ಒಮ್ಮೆ ಮಾತ್ರ ಬಳಸುವ ಕಿಟ್ ಹಾಕುವುದೊಂದೇ ಬಾಕಿ. ಆದರೆ ವಾರ್ಡಿನಿಂದ ರಿಕ್ವೆಸ್ಟ್ ಫಾರಂ ಮತ್ತು ಮಗುವಿನ ಸ್ಯಾಂಪಲ್ ಬಾರದೆ ಅವರು ಕಿಟ್ ಒಡೆಯುವುದಿಲ್ಲ. ಸರಿಯೇ, ಅದು ಸಾವಿರಾರು ರೂಪಾಯಿಯ ಮಾತು.

ಟೆಕ್ನಿಷಿಯನ್ ನನಗೆ ಫೋನ್ ಮಾಡಿದರು. “ಮೇಡಂ, ಮಗುವಿನ ತಂದೆಯ ನಂಬರ್ ಎಷ್ಟು ಹೊತ್ತಿಗೂ ಎಂಗೇಜ್.”

ನನಗೆ ಖುಷಿಯೇ ಆಯಿತು. ಫೋನ್ ಬಿಡುವಿಲ್ಲ ಎಂದರೆ ದಾನಿಗಳು ಸಾಲುಗಟ್ಟಿದ್ದಾರೆ, ನಾಳೆಗೂ ಒಬ್ಬರು ಸಿಕ್ಕರು ಎಂದುಕೊಂಡು ಮನೆಯಲ್ಲಿ ಕುಕ್ಕರ್ ಇಟ್ಟೆ. ಹತ್ತು ನಿಮಿಷ ಬಿಟ್ಟು ನಾನೇ ಮಾಡಿದೆ, ಎಂಗೇಜ್. ಮತ್ತೆ ಮಾಡಿದೆ, ಎಂಗೇಜ್. ವಾರ್ಡಿನ ಲ್ಯಾಂಡ್‌ಲೈನ್ ಯಾರೂ ಎತ್ತಲಿಲ್ಲ. ಟೆಕ್ನಿಷಿಯನ್‌ರ ಫೋನ್ ಮತ್ತೆ: “ಮೇಡಂ, ದಾನಿ ಗಡಿಯಾರ ನೋಡುತ್ತಿದ್ದಾರೆ. ಹಾಕಿದ ಮೇಲೂ ಒಂದೂವರೆ ಗಂಟೆ ಕೂರಬೇಕು, ಗೊತ್ತಲ್ಲ?” ನಾನಿರುವುದು ಯಲಹಂಕದಲ್ಲಿ, ಆಸ್ಪತ್ರೆ ಊರಿನ ಆ ತುದಿಯಲ್ಲಿ. ಆ ಹೊತ್ತಿನಲ್ಲಿ ನಾನು ಹೊರಟು ತಲುಪುವಷ್ಟರಲ್ಲಿ ದಾನಿ ಪಾಳಿ ಮುಗಿಸಿಯೇ ಬಂದಾರು. ಕುಕ್ಕರ್ ಕೂಗುತ್ತಲೇ ಇತ್ತು, ಆರಿಸುವುದೂ ಹೊಳೆಯಲಿಲ್ಲ. ಕೊನೆಗೆ ನೆನಪಾದದ್ದು ಗೇಟಿನ ಸೆಕ್ಯುರಿಟಿಯಣ್ಣ. ಅವರು ಮೂರನೇ ಮಹಡಿಗೆ ಹತ್ತಿ, ಕಾರಿಡಾರಿನಲ್ಲಿ ಹೆಸರು ಹಿಡಿದು ಕೂಗಿ, ಹುಡುಗನ ತಾಯಿಯ ಕೈಗೇ ಫಾರಂ ಮತ್ತು ಸ್ಯಾಂಪಲ್ ಕೊಡಿಸಿ ಬ್ಲಡ್ ಬ್ಯಾಂಕಿಗೆ ಕರೆದುಕೊಂಡು ಹೋದರು. ದಾನಿ ಪಾಳಿಗೆ ತಡವಾಗಿ ಹೋಗಿ ಬೈಸಿಕೊಂಡರು. ಚೀಲ ರಾತ್ರಿಯೇ ವಾರ್ಡಿಗೆ ತಲುಪಿತು.

ತಂದೆ ಅಷ್ಟು ಹೊತ್ತು ಯಾರ ಜೊತೆ ಮಾತನಾಡುತ್ತಿದ್ದರು? ದಾವಣಗೆರೆಯಿಂದ ಒಬ್ಬರು, ಮಗುವಿಗೆ ಈಗ ಹೇಗಿದೆ ಎಂದು. ದುಬೈಯಿಂದ ಒಬ್ಬರು, ಯಾವ ಡಾಕ್ಟರು ಎಂದು. ಪಪ್ಪಾಯಿ ಎಲೆಯ ರಸ ಕುಡಿಸಿ ಎಂದವರು ಒಬ್ಬಿಬ್ಬರಲ್ಲ. “ಅಷ್ಟು ದೂರದಿಂದ ವಿಚಾರಿಸುತ್ತಾರೆ ಮೇಡಂ, ನಡುವೆ ಹೇಗೆ ಇಟ್ಟುಬಿಡಲಿ?” ಎಂದರು ಅವರು. ಸಾಲದ್ದಕ್ಕೆ, ಮೂವರು ದಾನಿಗಳನ್ನು ಆಟೋದಲ್ಲಿ ಕರೆತರುತ್ತೇನೆ ಎಂದ ಒಬ್ಬನಿಗೆ 2,000 ರೂಪಾಯಿ ಕಳುಹಿಸಿದ್ದರು. ಆಟೋವೂ ಬರಲಿಲ್ಲ, ದಾನಿಗಳೂ ಬರಲಿಲ್ಲ. ಮರುದಿನ ಆ ಹಣವನ್ನಾದರೂ ಸಂಸ್ಥೆಯಿಂದ ಕೊಡಿಸೋಣ ಎಂದು ಕೇಳಿದರೆ ಲೆಕ್ಕಪತ್ರ ವಿಭಾಗದವರು ಬಿಲ್ ಕೇಳಿದರು. ಕಳ್ಳನಿಂದ ಜಿಎಸ್‌ಟಿ ಬಿಲ್ ತರುವುದು ಹೇಗೆಂದು ನನಗೆ ಇನ್ನೂ ತಿಳಿದಿಲ್ಲ. ನಾವು ನಾಲ್ಕೈದು ಜನ ಸೇರಿಸಿ ಕೊಟ್ಟೆವು.

ಈಗ ಬಹಿರಂಗ ಮನವಿಗೆ ನಾನು ಕೈ ಹಾಕುವುದೇ ಕಡಿಮೆ. ಬಡಾವಣೆವಾರು ಒಂದು ಪಟ್ಟಿ ಇಟ್ಟುಕೊಂಡಿದ್ದೇನೆ, ಒಬ್ಬೊಬ್ಬರಿಗೇ ಫೋನ್ ಮಾಡುತ್ತೇನೆ. ಹೊರಡುವ ಮೊದಲೇ ಕೇಳುತ್ತೇನೆ: ತೂಕ 50 ಕೆ.ಜಿ.ಗಿಂತ ಹೆಚ್ಚಿದೆಯೇ, ಮೂರು ದಿನಗಳಲ್ಲಿ ಆಸ್ಪಿರಿನ್ ನುಂಗಿದ್ದೀರಾ, ತಿಂಗಳೊಳಗೆ ಶಿಬಿರದಲ್ಲಿ ರಕ್ತ ಕೊಟ್ಟಿದ್ದೀರಾ. ಕೇಳದೆ ವೈಟ್‌ಫೀಲ್ಡ್‌ನಿಂದ ಕರೆಸಿ, ಸಿಲ್ಕ್ ಬೋರ್ಡ್ ದಾಟಿಸಿ, ‘ಆಗುವುದಿಲ್ಲ, ಹೋಗಿ’ ಎಂದು ವಾಪಸ್ ಕಳುಹಿಸಿದರೆ ಅಂಥ ದಾನಿಗಳು ಮತ್ತೆ ಫೋನ್ ಎತ್ತುವುದಿಲ್ಲ. ಎಸ್‌ಡಿಪಿ ಕೊಟ್ಟವರು 48 ಗಂಟೆಗಳ ನಂತರ ಮತ್ತೆ ಕೊಡಬಹುದು ಎಂಬುದು ನಿಯಮ. ಹಾಗೆಂದು ಒಳ್ಳೆಯವರನ್ನೇ ಹಿಂಡಬಾರದು ಎಂಬುದು ನನ್ನದು. ಮನವಿ ಹಾಕಲೇಬೇಕಾದಾಗ ದಿನಾಂಕ ಮತ್ತು ‘ರಾತ್ರಿ 9ರ ನಂತರ ಕರೆ ಮಾಡಬೇಡಿ’ ಎಂಬ ಸಾಲು ಮೊದಲು ಬರುತ್ತದೆ, ನಂಬರ್ ನನ್ನದು. ಇದರಿಂದ ನನ್ನ ಗಂಡನಿಗೆ ಸಿಟ್ಟು. ಆ ಇನ್ನೊಂದು ಮೊಬೈಲ್ ಇನ್ನೂ ‘ಪರಿಶೀಲನೆಯಲ್ಲಿದೆ’.

ಹಳೆಯ ಸಂದೇಶ ಮರುವರ್ಷದ ಡೆಂಗಿಯ ಹೊತ್ತಿಗೆ ಮತ್ತೆ ಎದ್ದಿತು. ಯಾರೋ ಪುಣ್ಯಾತ್ಮರು ಆಸ್ಪತ್ರೆಯನ್ನು ಹುಬ್ಬಳ್ಳಿಗೆ ಸ್ಥಳಾಂತರಿಸಿದ್ದರು, ನಂಬರ್ ಮಾತ್ರ ಅದೇ. ಆ ತಂದೆ ಈಗಲೂ ಯಾರ ಫೋನನ್ನೂ ಕತ್ತರಿಸುವುದಿಲ್ಲ. ಹುಡುಗ ಚೆನ್ನಾಗಿದ್ದಾನೆ ಎಂದು ಹೇಳಿ, ನಿಮ್ಮ ಗುಂಪು ಯಾವುದು, ಯಾವ ಊರು ಎಂದು ಕೇಳಿ, ಬೆಂಗಳೂರಿನವರಾದರೆ ನಂಬರ್ ನನಗೆ ಕಳುಹಿಸುತ್ತಾರೆ. ನನ್ನ ಪಟ್ಟಿಯಲ್ಲಿ ಜಯನಗರದ ಪುಟ ತುಂಬಿರುವುದು ಹಾಗೆ.

ಇತ್ತೀಚಿನ ತಕರಾರು ಪ್ರಚಾರ ವಿಭಾಗದ್ದು. ಮನವಿಗೆ ಮಗುವಿನ ಫೋಟೊ ಸೇರಿಸಿದರೆ ಹೆಚ್ಚು ಜನರಿಗೆ ತಲುಪುತ್ತದಂತೆ, ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಕೊಡುವ ಕಂಪನಿಯವರೂ ಕೇಳುತ್ತಿದ್ದಾರಂತೆ. ನಾನು ಆಗದು ಎಂದಿದ್ದೇನೆ. ಲಿಖಿತವಾಗಿ ಕೊಡಿ ಎಂದರು, ಕೊಟ್ಟಿದ್ದೇನೆ. ಮುಂದಿನ ವಾರ ಮೀಟಿಂಗ್ ಇದೆ.